ನಿವಾಳಿಸಿದ ರೊಕ್ಕ

ಅಣವೀರಪ್ಪನ ಮೇಲಿನ ಎರಡು ಮುಂಬಲ್ಲು ದಸರೆಯ ಹೊತ್ತಿನಿಂದ ಅಲುಗಾಡುತ್ತಿದ್ದವು. ನಾಲಗೆ ಸುಮ್ಮನಿರುತ್ತಿರಲಿಲ್ಲ. ಲೋಕಲ್ ರೈಲಿನಲ್ಲಿ ನಿಂತಾಗ, ಚಹಾ ಆರಲೆಂದು ಕಾಯುವಾಗ, ಯಾರಾದರೂ ಮಾತಾಡಿಸುವಾಗಲೂ ಅದು ಅಲ್ಲಿಗೇ ಹೋಗಿ, ಸಡಿಲ ಗೂಟವನ್ನು ಕರು ಜಗ್ಗಿ ನೋಡುವಂತೆ ಹಲ್ಲುಗಳನ್ನು ಒತ್ತಿ ನೋಡಿ ಬರುತ್ತಿತ್ತು. ಹದಿನಾಲ್ಕನೆಯ ವಯಸ್ಸಿಗೆ ಅಫಜಲಪುರದ ಕಡೆಯಿಂದ ಬೈಕುಲ್ಲಾಕ್ಕೆ ಬಂದವನು, ನಲವತ್ತೇಳು ವರ್ಷ ಆ ಹಲ್ಲುಗಳ ಮೇಲೆಯೇ ಕಾರ್ನೆಟ್ ಎಂಬ ಗಿಡ್ಡ ತುತ್ತೂರಿಯ ಬಾಯಿ ಊರಿ ಮದುವೆಯ ಮೆರವಣಿಗೆಗಳ ಮುಂದೆ ಊದಿದ್ದ. ಈಗ ಹಲ್ಲಿನ ಕೆಳಗಿನ ಎಲುಬೇ ಸವೆದಿದೆ, ನಾಲ್ಕನ್ನು ಕೀಳಬೇಕು ಎಂದು ಡಾಕ್ಟರು ಹೇಳಿದ್ದರು. ಕಟ್ಟಿಸಿದ ಹಲ್ಲಿನ ಮೇಲೆ ಊದಲಾಗುತ್ತದೆಯೇ ಎಂದು ಅವನು ಕೇಳಿದ್ದಕ್ಕೆ, ಡಾಕ್ಟರು ಉತ್ತರದ ಬದಲು ಅವನ ವಯಸ್ಸು ಕೇಳಿದರು.

ಮಗಳು ಸೋನಾಲಿ ಅದೇ ದವಾಖಾನೆಯ ಮುಂದಿನ ಮೇಜಿನಲ್ಲಿ ಕೆಲಸಕ್ಕಿದ್ದಳು. ಅಪ್ಪ ಎರಡು ಸಲ ತಪ್ಪಿಸಿದ ಮೇಲೆ ಡಿಸೆಂಬರ್ ಇಪ್ಪತ್ತೆರಡರ ಸೋಮವಾರ ಗೊತ್ತುಮಾಡಿಟ್ಟಿದ್ದಳು.

"ಪಪ್ಪಾ, ಈ ಸಲ ಕ್ಯಾನ್ಸಲ್ ನಹೀ ಹೋಗಾ ಹಾಂ. ಸರ್ ಮೇರೇ ಕೋ ಬೋಲ್ತಾರ" ಎಂದು, ತಪ್ಪಿಸಿದರೆ ಡಾಕ್ಟರು ಬೈಯುವುದು ತನಗೇ ಎಂದು, ತನ್ನ ಮೂರು ಭಾಷೆಯ ಕನ್ನಡದಲ್ಲಿ ಹೇಳಿದ್ದಳು.

ಆ ಸೋಮವಾರದ ಹಿಂದಿನ ಭಾನುವಾರ ಸಂಜೆಯೊಳಗೆ ಒಂದು ಕೆಲಸ ಆಗಬೇಕಿತ್ತು. ಧನುರ್ಮಾಸ ಹಿಡಿದರೆ ಮದುವೆಗಳಿರುವುದಿಲ್ಲ. ಬೈಕುಲ್ಲಾದ ಬ್ಯಾಂಡಿನವರು ಊರಿಗೆ ಹೋಗುವ ಮೊದಲು ಒಂದು ದಿನ ಉಳಿದರೆ, ಐದು ಬ್ಯಾಂಡು, ನಲವತ್ತು ಜನ, ದಹಿಸರಿನ ಒಂದು ಶಾಲೆಯ ಮೈದಾನದಲ್ಲಿ ಕೂತು ಊದುವುದು. ಯಾರು ಬೇಕಾದರೂ ಬಂದು ಕೇಳಬಹುದು. ಟಿಕೀಟಿಲ್ಲ. ಕೇಳುವವರಿಗೆ ಮುನ್ನೂರು ಕುರ್ಚಿ.

ಕುರ್ಚಿಯ ಮಾತಿನಲ್ಲಿ ಅಣವೀರಪ್ಪ ಜಗ್ಗುತ್ತಿರಲಿಲ್ಲ. ಬ್ಯಾಂಡನ್ನು ಯಾರೂ ಕೂತು ಕೇಳಿಲ್ಲ ಎನ್ನುತ್ತಿದ್ದ. ಹಾಡಿನ ಮೊದಲು ಒಂದು ಗಲ್ಲಿಯವರ ಕಿವಿಗೆ ಬಿದ್ದರೆ ಕೊನೆ ಇನ್ನೊಂದು ಗಲ್ಲಿಯವರಿಗೆ. ನಡುವಿನದನ್ನು ಮೆರವಣಿಗೆಯ ದೀಪದ ಜನರೇಟರಿನ ಸದ್ದು ತಿನ್ನುತ್ತದೆ. ಅವನ ಹೆಂಡತಿ ಗುರುಬಾಯಿ ಮೂವತ್ತನಾಲ್ಕು ವರ್ಷ ಅವನ ಕೆಂಪು ಕೋಟು ಒಗೆದಿದ್ದಳು, ಬಂಗಾರದ ಬಣ್ಣದ ಗುಂಡಿ ಹಚ್ಚಿದ್ದಳು. ಬ್ಯಾಂಡಿನವರ ಹೆಂಡಂದಿರನ್ನು ಮದುವೆಗೆ ಕರೆಯುವವರಿಲ್ಲ. ಸಾಲುಮನೆಗಳ ಚಾಳಿನ ಖೋಲಿಯಲ್ಲಿ ಊದಿದರೆ ನೆರೆಯವರು ಗೋಡೆ ಗುದ್ದುತ್ತಿದ್ದರು. ಒಂದು ಹಾಡನ್ನಾದರೂ ಮೊದಲಿನಿಂದ ಕೊನೆಯವರೆಗೆ ಅವಳು ಕೇಳಿರಲಿಲ್ಲ. ಇದನ್ನು ಅಣವೀರಪ್ಪ ಯಾರಿಗೂ ಹೇಳಿರಲಿಲ್ಲ. ಹೇಳಿದ್ದು ಕುರ್ಚಿಯ ಮಾತು ಮಾತ್ರ.

ಮೈದಾನಕ್ಕೆ ಇಪ್ಪತ್ತೆರಡು ಸಾವಿರ. ಕುರ್ಚಿ, ವೇದಿಕೆಗೆ ಇಪ್ಪತ್ತೆಂಟು. ಹದಿನೈದರ ಸೋಮವಾರ ಸಂಜೆ ನಾಲ್ಕರೊಳಗೆ ಎರಡೂ ಕಡೆ ಕಟ್ಟಬೇಕು, ಇಲ್ಲವಾದರೆ ಆ ಭಾನುವಾರ ಮೈದಾನ ಒಂದು ಕ್ರಿಕೆಟ್ ಪಂದ್ಯಕ್ಕೆ ಹೋಗುತ್ತದೆ. ದಹಿಸರಿನ ಕನ್ನಡ ಸಂಘದ ಕಾರ್ಯದರ್ಶಿ ರಾಮಸ್ವಾಮಿ ಶಾಲೆಗೆ, ಪೊಲೀಸರಿಗೆ ಅರ್ಜಿ ಬರೆದುಕೊಟ್ಟಿದ್ದರು. ಮೈಸೂರಿನ ಕಡೆಯವರು, ಬ್ಯಾಂಕಿನಿಂದ ನಿವೃತ್ತರು. 'ಉಚಿತ ಬ್ಯಾಂಡ್ ಸಂಗೀತೋತ್ಸವ' ಎಂದು ರಸೀತಿ ಪುಸ್ತಕ ಅಚ್ಚು ಹಾಕಿಸಿದ್ದೂ ಅವರೇ.

ಆ 'ಉಚಿತ' ಎಂಬ ಮಾತೇ ಕಾಲಿಗೆ ತೊಡರಿತು. ಗ್ರಾಂಟ್ ರೋಡಿನ ಉಡುಪಿ ಹೋಟೆಲುಗಳ ಗಲ್ಲಾದ ಮುಂದೆ ಅಣವೀರಪ್ಪ ಎರಡು ವಾರ ನಿಂತ. ಗಲ್ಲಾದವರು ಚೀಟಿ ಓದುತ್ತಿದ್ದರು, ತಲೆಯೆತ್ತುತ್ತಿದ್ದರು. ಫ್ರೀ ಅಂದಮೇಲೆ ಹಣ ಯಾಕೆ ಎಂದು ಕೇಳುತ್ತಿದ್ದರು. ಪಾತ್ರೆ ಅಂಗಡಿಯ ಒಬ್ಬ ಸೇಠ ಹಾಗೆ ಕೇಳಿ, ಕೇಳಿದ್ದಕ್ಕೆ ತಾನೇ ನಕ್ಕು, ಐವತ್ತರ ನೋಟು ಕೊಟ್ಟು, ರಸೀತಿ ಬೇಡವೆಂದ. ಟಿಕೀಟು ಇಟ್ಟಿದ್ದರೆ ಹತ್ತು ಟಿಕೀಟು ತೆಗೆದುಕೊಳ್ಳುತ್ತಿದ್ದೆ ಎಂದವರೂ ಇದ್ದರು. ಬೈಕುಲ್ಲಾದ ಬ್ಯಾಂಡಿನ ಅಂಗಡಿಗಳು ಐದೈದು ನೂರು ಕೊಟ್ಟವು. ಹೀಗೆ ಕೂಡುತ್ತ ಕೂಡುತ್ತ ಇಪ್ಪತ್ನಾಲ್ಕು ಸಾವಿರದ ಐನೂರಕ್ಕೆ ಬಂದು, ಅಲ್ಲಿಂದ ಮುಂದೆ ಹೋಗದೆ ನಿಂತಿತು.

ಶುಕ್ರವಾರ ಅವನು ದಹಿಸರ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆದ. ಮೂರು ಲೋಕಲ್ ಬಂದವು, ಮೂರನ್ನೂ ಹತ್ತಲಿಲ್ಲ. ನಾಲ್ಕನೆಯದು ಬರುವುದರೊಳಗೆ ಯಲ್ಲಾಲಿಂಗನಿಗೆ ಫೋನು ಹಚ್ಚಿದ. ಯಲ್ಲಾಲಿಂಗ ದೊಡ್ಡ ಡ್ರಮ್ಮಿನವನು, ಮೂವತ್ತು ವರ್ಷದ ಜೊತೆಗಾರ. ಭಾನುವಾರ ಎಂಟು ಜನ ಯೂನಿಫಾರ್ಮ್ ಹಾಕಿಕೊಂಡು ದಹಿಸರಿನ ಪಶ್ಚಿಮದ ಕಡೆ ಚಾಳು, ಬಿಲ್ಡಿಂಗುಗಳ ಬಾಗಿಲಿಗೆ ಬಾರಿಸುತ್ತ ಹೋಗೋಣ, ಡಬ್ಬಿ ಹಿಡಿಯೋಣ ಎಂದು ಅಣವೀರಪ್ಪ ಹೇಳಿದ. ರೈಲು ಹಳಿಯ ಪೂರ್ವಕ್ಕೆ ಬೇಡ. ಆ ಕಡೆ ತಾನಿರುವ ಚಾಳಿನಲ್ಲಿ ಕೈಯೊಡ್ಡಲು ಅವನಿಗೆ ನಾಚಿಕೆ.

"ಆಗಲಿ ಬಿಡಣ್ಣ" ಎಂದ ಯಲ್ಲಾಲಿಂಗ. "ಕುದುರಿ ಇಲ್ಲ, ಮದುಮಗ ಇಲ್ಲ, ಬರೇ ನಾವೇ. ಜನಾ ಯಾರ ಮದುವಿ ಅಂತ ಕೇಳಿದ್ರ ಅಣವೀರಣ್ಣಂದು ಅಂತೀನಿ."

ಭಾನುವಾರ ಬೆಳಿಗ್ಗೆ ಎಂಟಕ್ಕೇ ಹೊರಟರು. ಸೋನಾಲಿ ಫೋನಿನಿಂದ ಹಣ ಕಳಿಸುವ ಚೌಕದ ಚಿತ್ರವೊಂದನ್ನು ಡ್ರಮ್ಮಿನ ಮೇಲೆ ಅಂಟಿಸಿಕೊಟ್ಟಿದ್ದಳು. ಅಣವೀರಪ್ಪನ ಹೆಗಲಿಗೆ ಸ್ಟೀಲಿನ ಡಬ್ಬಿ, ಮುಚ್ಚಳದಲ್ಲಿ ಸೀಳು. ರಾಮಸ್ವಾಮಿ ಹಿಂದಿನ ಸಂಜೆಯೇ ಹೇಳಿ ಕಳಿಸಿದ್ದರು, ರಸೀತಿ ಇಲ್ಲದೆ ಒಂದು ಪೈಸೆಯನ್ನೂ ಮುಟ್ಟಬಾರದೆಂದು. ಆದರೆ ಬ್ಯಾಂಡಿನ ಸದ್ದಿಗೆ ಓಡಿಬಂದವರು ಹೆಸರು ಬರೆಸಲು ನಿಲ್ಲುತ್ತಾರೆಯೇ.

ಮೊದಲ ಚಾಳಿನಲ್ಲಿಯೇ ಒಬ್ಬ ಅಜ್ಜಿ ಮೊಮ್ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು, ನೂರರ ನೋಟನ್ನು ಮಗುವಿನ ತಲೆಯ ಸುತ್ತ ಮೂರು ಸಲ ತಿರುಗಿಸಿ ಕೊಟ್ಟಳು. ಆಮೇಲೆ ಕೈಗಳು ನಿಲ್ಲಲಿಲ್ಲ. ಹೊಸ ಸ್ಕೂಟರಿಗೆ ನಿವಾಳಿಸಿದರು. ದವಾಖಾನೆಯಿಂದ ಅಂದೇ ಮನೆಗೆ ಬಂದ ಮುದುಕನಿಗೆ ನಿವಾಳಿಸಿದರು. ಹತ್ತನೆಯ ಪರೀಕ್ಷೆಗೆ ಕೂಡುವ ಹುಡುಗಿಯನ್ನು ಒಳಗಿನಿಂದ ಎಳೆತಂದು, ಅವಳು ಮುಖ ಗಂಟಿಕ್ಕಿ ನಿಂತಿದ್ದಂತೆಯೇ ನಿವಾಳಿಸಿದರು. ಮೂರನೆಯ ಮಜಲಿನಿಂದ ಒಬ್ಬಾಕೆ ನೋಟನ್ನು ತನ್ನ ಗಂಡನ ತಲೆಗೆ ಸುತ್ತಿ, ಬಟ್ಟೆಯ ಕ್ಲಿಪ್ಪಿಗೆ ಸಿಕ್ಕಿಸಿ ಕೆಳಗೆ ಎಸೆದಳು. ಅಣವೀರಪ್ಪ ಒಂದು ಕೈಯಲ್ಲಿ ಕಾರ್ನೆಟ್ ಹಿಡಿದು ಇನ್ನೊಂದರಿಂದ ಎಲ್ಲವನ್ನೂ ಸೀಳಿನೊಳಗೆ ತುರುಕಿದ. ಹಲ್ಲಿನ ನೋವು ಮರೆತುಹೋಯಿತು. ಹನ್ನೆರಡರ ಹೊತ್ತಿಗೆ ಡಬ್ಬಿಯೊಳಗೆ ನೋಟು ಇಳಿಯದೆ ಬೆರಳಿನಿಂದ ಒತ್ತಬೇಕಾಯಿತು.

ಮೂರಕ್ಕೆ ಸ್ಟೇಷನ್ನಿನ ಬಳಿ ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಮೇಲೆ ಎಂಟು ಜನ ಕೂತರು. ವಡಾಪಾವ್ ಬಂತು. ಡಬ್ಬಿಯನ್ನು ಟವೆಲಿನ ಮೇಲೆ ಸುರಿದು ಎಣಿಸಿದರು. ಇಪ್ಪತ್ತಾರು ಸಾವಿರದ ನಾಲ್ಕುನೂರು. ಫೋನಿಗೆ ಬಂದದ್ದು ಬೇರೆ, ಎರಡು ಸಾವಿರದ ಒಂದುನೂರ ಐವತ್ತು.

ಅಣವೀರಪ್ಪ ಮನಸ್ಸಿನಲ್ಲಿಯೇ ಕೂಡಿದ. ಮೈದಾನವೂ ಆಯಿತು, ಮುನ್ನೂರು ಕುರ್ಚಿಯೂ ಆಯಿತು. ಎದ್ದು ನಿಂತ, ಕೂತ, ಮತ್ತೆ ಎದ್ದ. ನೋಟುಗಳನ್ನು ತಿರುಗಿ ಡಬ್ಬಿಗೆ ಹಾಕತೊಡಗಿದಾಗ ಯಲ್ಲಾಲಿಂಗ ಅವನ ಮುಂಗೈ ಹಿಡಿದ.

"ಡಬ್ಬಿಗಿ ಯಾಕ ಹಾಕ್ತಿ ಅಣ್ಣ? ಹಂಚು."

ಇದು ಬ್ಯಾಂಡಿನ ಹಬ್ಬದ ರೊಕ್ಕ ಎಂದು ಅಣವೀರಪ್ಪ ಹೇಳಿದ. ಯಲ್ಲಾಲಿಂಗ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ಮುಖ ನೋಡಿದ. ಅಲ್ಲಿ ತಮಾಷೆ ಇರಲಿಲ್ಲ.

"ಫೋನಿಗಿ ಬಂದಿದ್ದು ಹಬ್ಬದ್ದು. ಇದು ನಿವಾಳಿಸಿದ್ದು" ಎಂದ ಯಲ್ಲಾಲಿಂಗ. "ಒಂದೊಂದು ನೋಟೂ ಯಾರ್ದರ ತಲಿ ಸುತ್ತಿ ಬಂದದ. ಇದನ್ನ ಇಟ್ಟುಕೊಳ್ಳಾಕ ಬರೂದಿಲ್ಲ ಅಂತ ನನಗ ಹೇಳಿಕೊಟ್ಟವ ನೀನೇ."

ಅಣವೀರಪ್ಪನ ಕೈ ಸಡಿಲಾಯಿತು. ಅದು ಬ್ಯಾಂಡಿನ ಕಸುಬಿನಷ್ಟೇ ಹಳೆಯ ಕಟ್ಟುಪಾಡು. ತಲೆಗೆ ನಿವಾಳಿಸಿದ ರೊಕ್ಕ ದೃಷ್ಟಿಯ ರೊಕ್ಕ. ಬಾರಿಸಿದವರು ಅದನ್ನು ಅಲ್ಲಿಯೇ ಹಂಚಿಕೊಳ್ಳಬೇಕು. ದೀಪ ಹಚ್ಚುವುದರೊಳಗೆ ತಿಂದೋ, ಕುಡಿದೋ, ಊರಿಗೆ ಕಳಿಸಿಯೋ, ಯಾರಿಗಾದರೂ ಕೊಟ್ಟೋ ಕೈಯಿಂದ ದಾಟಿಸಬೇಕು. ಮನೆಯ ಹೊಸ್ತಿಲು ದಾಟಿ ಒಳಗೆ ಹೋಗಬಾರದು, ಕೂಡಿಡಬಾರದು. ಅವನಿಗೆ ಕಾರ್ನೆಟ್ ಕಲಿಸಿದ ಖಂಡಪ್ಪ ಮಾಸ್ತರರು ಒಂದು ಮದುವೆಯ ಸುಗ್ಗಿಯಲ್ಲಿ ಅಂಥ ರೊಕ್ಕವನ್ನು ಟ್ರಂಕಿನಲ್ಲಿ ಕೂಡಿಟ್ಟಿದ್ದರು. ಒಂದು ಬೆಳಿಗ್ಗೆ ಎದ್ದಾಗ ಅವರ ಬಾಯಿ ಎಡಕ್ಕೆ ಸೊಟ್ಟಗಾಗಿತ್ತು. ಗಾಳಿ ಹಿಡಿಯುವ ತುಟಿಯೇ ಹೋಯಿತು. ಆಮೇಲೆ ಬದುಕಿದ ಹನ್ನೊಂದು ವರ್ಷವೂ ಅವರು ಬ್ಯಾಂಡಿನ ಮುಂದೆ ಲೈಟಿನ ಬುಟ್ಟಿ ಹೊತ್ತು ನಡೆದರು. ಈ ಕತೆಯನ್ನು ಬೈಕುಲ್ಲಾದ ಬ್ಯಾಂಡಿಗೆ ಸೇರಿದ ಪ್ರತಿ ಹೊಸಬನಿಗೂ ಅಣವೀರಪ್ಪನೇ ಹೇಳುತ್ತ ಬಂದಿದ್ದ.

ಯೂನಿಫಾರ್ಮ್ ಹಾಕಿದ ಬ್ಯಾಂಡಿನವ ಬಾಗಿಲಿಗೆ ಬಂದರೆ ಜನ ಹೇಗೆ ಕೊಡುತ್ತಾರೆ ಎಂಬುದು ಅವನಿಗಿಂತ ಹೆಚ್ಚಾಗಿ ಯಾರಿಗೆ ಗೊತ್ತಿರಬೇಕಿತ್ತು? ಡಬ್ಬಿಯಲ್ಲಿ ಸೀಳು ಮಾಡಿಸುವಾಗ ಅದೊಂದು ನೆನಪಾಗಿರಲಿಲ್ಲ. ಉಳಿದ ಏಳು ಜನ, ಹಂಚಲು ಸುಲಭವಾಗಲೆಂದು ಅಣವೀರಣ್ಣ ಒಂದೇ ಕಡೆ ಕೂಡಿಹಾಕುತ್ತಿದ್ದಾನೆ ಎಂದುಕೊಂಡಿದ್ದರು.

ಅವನು ವಾದಕ್ಕೆ ಬಿದ್ದ. ದೀಪ ಹಚ್ಚಲು ಇನ್ನೂ ಮೂರು ತಾಸಿದೆ, ಈಗಲೇ ಹೋಗಿ ಕುರ್ಚಿಯವನಿಗೆ ಕೊಟ್ಟುಬಿಟ್ಟರೆ ಕೈಯಿಂದ ದಾಟಿದಂತೆಯೇ ಎಂದ.

"ಕುರ್ಚಿಗಿ ಕೊಟ್ರ ಅದರ ಮ್ಯಾಲ ಕೂಡೋರಿಗಿ ಹತ್ತತದ" ಎಂದ ಯಲ್ಲಾಲಿಂಗ. "ಮುನ್ನೂರು ಮಂದಿನ ಕರದು, ಫ್ರೀ ಅಂತ ಹೇಳಿ, ಊರ ಮಂದಿ ದೃಷ್ಟಿ ಮ್ಯಾಲ ಕುಂದ್ರಸ್ತಿ?"

"ಹತ್ತಿದ್ರ ನನ್ನ ಬಾಯಿಗಿ ಹತ್ತಲಿ. ಹ್ಯಾಂಗೂ ಎಂಟು ದಿನದ ಬಾಯಿ ಇದು."

ಎದುರಿಗೆ ಕ್ಲಾರಿನೆಟ್ಟಿನ ಸುಭಾಷ ಕೂತಿದ್ದ, ಮೂವತ್ತರ ಪ್ರಾಯದವನು. ಅವನ ಹೆಂಡತಿ ಊರಲ್ಲಿ ಹಡೆದು ಒಂಬತ್ತು ದಿನವಾಗಿತ್ತು. ಅವನು ಹಣದ ಕಡೆ ನೋಡುತ್ತಿರಲಿಲ್ಲ. ವಡಾಪಾವಿನ ಕಾಗದವನ್ನು ಮಡಚಿ ಮಡಚಿ ಚಿಕ್ಕದು ಮಾಡುತ್ತಿದ್ದ. ಇನ್ನು ಮಡಚಲಾಗದಷ್ಟು ಆದಮೇಲೆ ಬಿಡಿಸಿ ಮತ್ತೆ ಮೊದಲಿನಿಂದ ಮಡಚಿದ. ಅಣವೀರಪ್ಪ ಬಹಳ ಹೊತ್ತು ಆ ಕಾಗದವನ್ನೇ ನೋಡಿದ. ಆಮೇಲೆ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಎಂಟು ಗುಡ್ಡೆ ಮಾಡಿದ. ಒಬ್ಬೊಬ್ಬರಿಗೆ ಮೂರು ಸಾವಿರದ ಮುನ್ನೂರು. ಸುಭಾಷನ ಗುಡ್ಡೆಯನ್ನು ಮೊದಲು ಕೊಟ್ಟ. ಅವನು ಅಲ್ಲಿಂದ ನೆಟ್ಟಗೆ ಊರಿಗೆ ರೊಕ್ಕ ಕಳಿಸುವ ಅಂಗಡಿಯ ಕಡೆ ಹೋದ.

ಎಲ್ಲರೂ ಚದುರಿದ ಮೇಲೆ ಯಲ್ಲಾಲಿಂಗ ಡ್ರಮ್ಮು ಬೆನ್ನಿಗೇರಿಸಿ, ಸಿಟ್ಟೇನು ಎಂದು ಕೇಳಿದ. ಅಣವೀರಪ್ಪ ಇಲ್ಲವೆಂದು ತಲೆಯಾಡಿಸಿದ. ನಾಲಗೆ ಮತ್ತೆ ಹಲ್ಲಿನ ಹತ್ತಿರ ಹೋಗಿತ್ತು.

ಈಗ ಅವನ ಪಾಲಿನ ಮೂರು ಸಾವಿರದ ಮುನ್ನೂರು ಜೇಬಿನಲ್ಲಿತ್ತು. ಸ್ಟೇಷನ್ನಿನ ಗಡಿಯಾರದಲ್ಲಿ ಐದಾಗಿತ್ತು. ಡಿಸೆಂಬರಿನ ಹೊತ್ತು, ಆರಕ್ಕೆ ದೀಪ. ಮನೆಗೇನಾದರೂ ಒಯ್ಯುವಂತಿಲ್ಲ. ಮಾರ್ಕೆಟ್ಟಿನಲ್ಲಿ ಎರಡು ಸಲ ಸುತ್ತಿದ. ತಾನು ತಿನ್ನೋಣವೆಂದರೆ ಹಲ್ಲು. ಕೊನೆಗೆ ಹಳಿ ದಾಟುವ ಬ್ರಿಜ್ಜಿನ ಬುಡದಲ್ಲಿದ್ದ ಬಾಳೆಹಣ್ಣಿನ ಕೈಗಾಡಿಯವನ ಮುಂದೆ ನಿಂತು, ಗಾಡಿಯ ಮೇಲಿನದನ್ನೆಲ್ಲ ತೆಗೆದುಕೊಳ್ಳುತ್ತೇನೆ, ಬಂದವರಿಗೆ ಹಂಚಿಬಿಡು ಎಂದ. ಗಾಡಿಯವನು ನೋಟುಗಳನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಕೂಗತೊಡಗಿದ.

"ಫ್ರೀ ಮೇಂ ಲೇಲೋ, ಫ್ರೀ ಮೇಂ."

ಬ್ರಿಜ್ಜಿನಿಂದ ಇಳಿಯುತ್ತಿದ್ದ ಜನ ಪಕ್ಕಕ್ಕೆ ಸರಿದು ನಡೆದರು. ಒಬ್ಬ ನಿಂತು ಯಾವ ಪಾರ್ಟಿಯವರು ಎಂದು ಕೇಳಿದ. ಒಬ್ಬಾಕೆ ಹಣ್ಣಿಗೆ ಕೈ ಚಾಚಿದ ಮಗುವಿನ ಕೈ ಹಿಂದಕ್ಕೆಳೆದಳು. ಅಣವೀರಪ್ಪ ಕೆಂಪು ಕೋಟಿನಲ್ಲಿ ನಿಂತು ತಾನೇ ಒಂದೊಂದು ಹಣ್ಣು ಮುರಿದು ಚಾಚಿದ. ಕೆಂಪು ಕೋಟು ಕಂಡು ಜನ ಇನ್ನೂ ದೂರ ಹೋದರು. ಕೊಡುವವನಿಗೆ ಬೇಡುವವನಿಗಿಂತ ಕಷ್ಟ ಎಂದು ಅವನಿಗೆ ಅನ್ನಿಸಿದ್ದು ಆಗಲೇ. ಬ್ರಿಜ್ಜಿನ ಮೇಲೆ ಟ್ಯೂಬಿನ ದೀಪ ಮಿಣುಕಿತು, ಹತ್ತಲಿಲ್ಲ, ಮತ್ತೆ ಮಿಣುಕಿತು. ಅಷ್ಟರಲ್ಲಿ ಕಟ್ಟಡದ ಕೆಲಸ ಮುಗಿಸಿ ಬರುತ್ತಿದ್ದ ಕಲಬುರಗಿ ಕಡೆಯ ಹೆಂಗಸರ ಗುಂಪೊಂದು ಗಾಡಿಯ ಹತ್ತಿರ ನಿಂತಿತು. ತಲೆಯ ಮೇಲೆ ಖಾಲಿ ಬುಟ್ಟಿಗಳಿದ್ದವು. ಯಾಕ ಕೊಡ್ಲಾಕತ್ತೀಯಪ್ಪ ಎಂದು ಮುಂದಿನವಳು ಕೇಳಿದಳು. ನಿವಾಳಿಸಿದ ರೊಕ್ಕದ್ದವ್ವ, ಕೈ ದಾಟಬೇಕು ಎಂದ. ಅವರಿಗೆ ಬೇರೆ ವಿವರ ಬೇಕಾಗಲಿಲ್ಲ. ಬುಟ್ಟಿ ಇಳಿಸಿ ತುಂಬಿಕೊಂಡು ಹೋದರು. ಟ್ಯೂಬು ಹತ್ತಿದಾಗ ಗಾಡಿಯ ಮೇಲೆ ಬರೀ ಹಸಿರು ಕಾಗದ ಉಳಿದಿತ್ತು.

ಸೋಮವಾರ ನಸುಕಿಗೇ ಗುರುಬಾಯಿ ರೊಟ್ಟಿಗೆ ಕೂತಿದ್ದಳು. ನಾಕಾ ಎಂಬ ಕೂಡುರಸ್ತೆಯಲ್ಲಿ ಕೂಲಿ ಕೆಲಸಕ್ಕೆ ನಿಲ್ಲುವವರಿಗೆ ಅವಳು ದಿನಕ್ಕೆ ನೂರು ರೊಟ್ಟಿ ಬಡಿಯುತ್ತಿದ್ದಳು. ಅಣವೀರಪ್ಪ ಗೋಡೆಗೆ ಒರಗಿ, ಹಿಂದಿನ ದಿನದ್ದನ್ನೆಲ್ಲ ಹೇಳಿದ. ಹಬ್ಬ ಮುಗಿಯಿತು, ಇವತ್ತು ರಾಮಸ್ವಾಮಿಯವರಿಗೆ ಹೇಳಿ, ರಸೀತಿ ನೋಡಿ ಎಲ್ಲರ ರೊಕ್ಕ ತಿರುಗಿ ಕೊಟ್ಟುಬರುತ್ತೇನೆ ಎಂದ. ಬಡಿಯುವ ಸದ್ದು ನಿಲ್ಲಲಿಲ್ಲ. ಅವಳು ಕೇಳುತ್ತಿದ್ದಾಳೋ ಇಲ್ಲವೋ ಗೊತ್ತಾಗದೆ ಅವನು ಬಾಳೆಹಣ್ಣಿನ ಕತೆಯನ್ನೂ ಹೇಳಿದ. ಆಗ ಮಾತ್ರ ಅವಳು ನಕ್ಕಳು.

"ಮೈದಾನಕ್ಕ ಸಾಲ್ತದಲ್ಲ?"

"ಸಾಲ್ತದ. ಕುರ್ಚಿ?"

"ಯಾರ ಮನ್ಯಾಗ ಕುರ್ಚಿ ಇಲ್ರಿ?" ಎಂದಳು ಗುರುಬಾಯಿ. ರೊಟ್ಟಿ ತಿರುವಿ ಹಾಕಿದಳು. "ಸುಮ್ಮ ಬರ್ರಿ ಅಂದ್ರ ಯಾರೂ ಬರೂದಿಲ್ಲ. ನಿನ್ನಿ ನೋಡ್ಲಿಲ್ಲಾ ನೀವು? ಕೈಯಾಗ ಏನರ ಹಿಡಕೊಂಡು ಬರ್ರಿ ಅನ್ರಿ. ತಂದವರಿಗಿ ಅದು ತಮ್ದು ಅನ್ನಸ್ತದ."

ಇದು ಸರಿಯಲ್ಲ, ಕರೆದವರು ಕುರ್ಚಿ ಹಾಕಬೇಕು, ಅದು ಮರ್ಯಾದೆ ಎಂದು ಅಣವೀರಪ್ಪ ಮಧ್ಯಾಹ್ನದವರೆಗೆ ಗೊಣಗಿದ. ಮನೆಯೊಳಗೆ, ಹೊರಗೆ, ನಲ್ಲಿಯ ಹತ್ತಿರ ತಿರುಗಿದ. ಎರಡೂವರೆಗೆ ಅಂಗಿ ಹಾಕಿಕೊಂಡು ರಾಮಸ್ವಾಮಿಯವರಲ್ಲಿಗೆ ಹೋದ. ಅವರು ಕನ್ನಡಕ ಒರೆಸಿಕೊಂಡು ಕೇಳಿದರು.

"ಅಲ್ಲಾ ಕಣ್ರೀ ಅಣವೀರಪ್ಪನೋರೇ, ನಿವಾಳಿಸಿದ್ದು ಅಂತ ಇಪ್ಪತ್ತಾರು ಸಾವಿರ ಹಂಚಿಬಿಟ್ರಾ? ನಮ್ಮ ಬ್ಯಾಂಕಲ್ಲಿ ಎಷ್ಟು ನೋಟು ಎಷ್ಟು ತಲೆ ಸುತ್ತಿ ಬಂದಿರುತ್ತೋ, ಯಾರಿಗ್ರೀ ಗೊತ್ತು?"

"ನಿಮ್ಮ ಬ್ಯಾಂಕಿನಾಗ ಯಾರೂ ಊದೂದಿಲ್ರಲ್ಲ ಸರ್" ಎಂದ ಅಣವೀರಪ್ಪ.

ರಾಮಸ್ವಾಮಿ ಕನ್ನಡಕ ಏರಿಸಿ ಚಪ್ಪಲಿ ಮೆಟ್ಟಿದರು. ಮೂರೂ ಮುಕ್ಕಾಲಿಗೆ ಶಾಲೆಯ ಕಚೇರಿಯಲ್ಲಿ ಇಪ್ಪತ್ತೆರಡು ಸಾವಿರ ಕಟ್ಟಿದರು. ಉಳಿದದ್ದು ನಾಲ್ಕು ಸಾವಿರದ ಆರುನೂರ ಐವತ್ತು, ಅಷ್ಟರಲ್ಲಿ ನೀರು, ಚಹಾ. ಸೋನಾಲಿ ಆ ಸಂಜೆ ಮೂರು ಭಾಷೆಯಲ್ಲಿ ಚೀಟಿ ಬರೆದು ಚಾಳುಗಳ, ಬಿಲ್ಡಿಂಗುಗಳ ವಾಟ್ಸಾಪ್ ಗುಂಪುಗಳಿಗೆಲ್ಲ ಹರಿಯಬಿಟ್ಟಳು. ಬ್ಯಾಂಡು ನಮ್ಮದು, ಕುರ್ಚಿ ನಿಮ್ಮದು. ಅದರ ಮರಾಠಿಯನ್ನು ಅವಳು ಅಪ್ಪನಿಗೆ ಓದಿ ತೋರಿಸಿದಳು, ಅವನು ಎರಡು ಸಲ ಓದಿಸಿದ. ಆರು ದಿನ ಅವನು ಅನ್ನವನ್ನು ಹಾಲಿನಲ್ಲಿ ಕಿವುಚಿಕೊಂಡು ಉಂಡ, ಹಲ್ಲು ನಿಲ್ಲಲಿ ಎಂದು.

ಇಪ್ಪತ್ತೊಂದರ ಭಾನುವಾರ ಐದಕ್ಕೆ ಶುರುವೆಂದು ಹೇಳಿತ್ತು. ನಾಲ್ಕಕ್ಕೇ ನಲವತ್ತೂ ಜನ ಬಂದರು. ಶಾಲೆಯವರು ಕೊಟ್ಟ ಬೆಂಚುಗಳನ್ನು ಅರ್ಧಚಂದ್ರದಂತೆ ಹಾಕಿದ್ದರು. ಕೂತು ಊದಿ ಯಾರಿಗೂ ರೂಢಿಯಿರಲಿಲ್ಲ. ಸುಭಾಷ ಕಾಲು ಎಲ್ಲಿಡುವುದೆಂದು ತಿಳಿಯದೆ ಅತ್ತ ಇತ್ತ ಸರಿಸಿದ. ಯಲ್ಲಾಲಿಂಗ ಡ್ರಮ್ಮನ್ನು ತೊಡೆಯ ಮೇಲೆ ಇಟ್ಟು ನೋಡಿ, ನೆಲಕ್ಕಿಟ್ಟು ನೋಡಿ, ಕೊನೆಗೆ ಕೊರಳಿಗೆ ಹಾಕಿಕೊಂಡು ನಿಂತುಬಿಟ್ಟ.

ನಾಲ್ಕೂ ಮುಕ್ಕಾಲಾಯಿತು. ಮೈದಾನದಲ್ಲಿ ಎರಡು ನಾಯಿ, ಒಂದು ಮರೆತು ಬಿಟ್ಟ ಸ್ಟಂಪು. ಅಣವೀರಪ್ಪ ಗೇಟಿನವರೆಗೆ ಹೋಗಿ ಬಂದ, ಮತ್ತೆ ಹೋದ. ನಾಳೆ ಹನ್ನೊಂದಕ್ಕೆ ದವಾಖಾನೆ. ಇವತ್ತು ಯಾರೂ ಬರದಿದ್ದರೆ, ನಲವತ್ತೇಳು ವರ್ಷದ ಕೊನೆಯ ಹಾಡನ್ನು ಎರಡು ನಾಯಿಗೆ ಊದಬೇಕು. ಹಾಗೆಂದುಕೊಂಡು ಮೂರನೆಯ ಸಲ ಗೇಟಿನ ಕಡೆ ತಿರುಗಿದಾಗ ಗುರುಬಾಯಿ ಬರುತ್ತಿದ್ದಳು. ಮಡಚಿಟ್ಟಿದ್ದ ಇಳಕಲ್ ಸೀರೆ ಉಟ್ಟಿದ್ದಳು. ಕಂಕುಳಲ್ಲಿ ರೊಟ್ಟಿ ಬಡಿಯುವಾಗ ಕೂಡುವ ಮಣೆ. ಅದರ ಅಂಚಿಗೆ ಹಿಟ್ಟಿನ ಬಿಳುಪು ಇನ್ನೂ ಇತ್ತು. ಅವಳು ಗಂಡನನ್ನು ಮಾತಾಡಿಸದೆ ಹಾದುಹೋಗಿ, ಬೆಂಚುಗಳ ಎದುರಿಗೆ, ನಟ್ಟನಡುವೆ ಮಣೆ ಹಾಕಿ ಕೂತಳು.

ಅವಳ ಹಿಂದೆ ಚಾಳಿನವರು ಬಂದರು. ಪ್ಲಾಸ್ಟಿಕ್ ಕುರ್ಚಿಗಳನ್ನು ತಲೆಯ ಮೇಲೆ ಬೋರಲು ಹೊತ್ತವರು, ಬಣ್ಣದ ಖಾಲಿ ಡಬ್ಬಿ ತಂದವರು, ಚಾಪೆ ತಂದವರು. ಸಲೂನಿನವನು ಗಿರಾಕಿಗಳು ಕಾಯುವ ಬೆಂಚನ್ನೇ ತಮ್ಮನ ಜೊತೆ ಎತ್ತಿಕೊಂಡು ಬಂದ. ಪಶ್ಚಿಮದ ಆ ಅಜ್ಜಿ ಮೊಮ್ಮಗನನ್ನು ಎತ್ತಿಕೊಂಡು, ಮಗನ ಕೈಯಲ್ಲಿ ಸ್ಟೂಲು ಹೊರಿಸಿ ಬ್ರಿಜ್ಜು ದಾಟಿ ಬಂದಿದ್ದಳು. ತಮ್ಮ ಕುರ್ಚಿ ಎಲ್ಲಿ ಹಾಕಬೇಕೆಂದು ಜನ ಒಬ್ಬರಿಗೊಬ್ಬರು ಜಗಳವಾಡಿದರು. ಅಣವೀರಪ್ಪ ಎಣಿಸತೊಡಗಿ, ತೊಂಬತ್ತರ ಹತ್ತಿರ ಲೆಕ್ಕ ತಪ್ಪಿ, ಬಿಟ್ಟುಬಿಟ್ಟ.

ಐದೂ ಹತ್ತಕ್ಕೆ ಬೆಂಚಿನ ತುದಿಯಲ್ಲಿ ಕೂತು ಕಾರ್ನೆಟ್ಟನ್ನು ತುಟಿಗೆ ಒತ್ತಿದ. ಹಲ್ಲು ಒಳಕ್ಕೆ ಬಾಗಿತು. ನೋವು ಕಿವಿಯವರೆಗೆ ಹೋಯಿತು. ಮೊದಲ ಸ್ವರ ಒಡೆಯಿತು. ಯಲ್ಲಾಲಿಂಗ ತಟ್ಟನೆ ಅವನ ಕಡೆ ನೋಡಿ, ಡ್ರಮ್ಮನ್ನು ಸ್ವಲ್ಪ ಜೋರಾಗಿ ಹೊಡೆದು ಅದನ್ನು ಮುಚ್ಚಿದ. ಗುರುಬಾಯಿಗೆ ಗೊತ್ತಾಗಲಿಲ್ಲ. ಅವಳು ಗದ್ದಕ್ಕೆ ಕೈ ಕೊಟ್ಟು, ರೊಟ್ಟಿ ಬೇಯುವುದನ್ನು ಕಾಯುವಾಗಿನಂತೆಯೇ ಕೂತಿದ್ದಳು. ಎರಡನೆಯ ಸ್ವರ ನಿಂತಿತು. ಮೂರನೆಯದಕ್ಕೆ ಉಳಿದ ಮೂವತ್ತೊಂಬತ್ತು ಜನ ಸೇರಿಕೊಂಡರು. ಮೈಕಿಲ್ಲದ ಸದ್ದು ಶಾಲೆಯ ಗೋಡೆಗೆ ಬಡಿದು ತಿರುಗಿ ಬಂತು. ನಡೆಯುವವರಿಲ್ಲದ್ದರಿಂದ ಹಾಡು ಎಲ್ಲಿಗೂ ಹೋಗಲಿಲ್ಲ. ಅಲ್ಲಿಯೇ ಇತ್ತು, ಮೊದಲಿನಿಂದ ಕೊನೆಯವರೆಗೆ.

ಅದು ಮುಗಿದು ಉಸಿರು ತೆಗೆದುಕೊಳ್ಳುವಾಗ ಆ ಅಜ್ಜಿ ಸ್ಟೂಲಿನಿಂದ ಎದ್ದಳು. ಸೊಂಟದ ಚೀಲದಿಂದ ನೋಟು ತೆಗೆದು, ಮೊಮ್ಮಗನ ತಲೆಯ ಸುತ್ತ ಒಂದು ಸಲ ತಿರುಗಿಸಿಯೂ ಬಿಟ್ಟಿದ್ದಳು. ಅಣವೀರಪ್ಪ ಬೆಂಚಿನಿಂದೆದ್ದು ಅವಳೆದುರು ಹೋದ. ಬಾಯಲ್ಲಿ ರಕ್ತದ ರುಚಿ ಇತ್ತು, ಅದನ್ನು ನುಂಗಿಕೊಂಡ. ಆಜಿ, ಆಜ್ ನಕೋ, ಇವತ್ತು ಬೇಡ ಎಂದು ಮರಾಠಿಯಲ್ಲಿ ಹೇಳಿ, ನೋಟು ಹಿಡಿದ ಅವಳ ಕೈಯನ್ನು ಮೆಲ್ಲಗೆ ಕೆಳಗಿಳಿಸಿದ. ಅವಳು ಅರ್ಥವಾಗದೆ ನೋಡಿದಳು.

"ಇನ್ನೊಂದು ಹಾಡು ಅದ" ಎಂದ ಸ್ಟೂಲು ತೋರಿಸಿ. "ಕೂಡ್ರಿ."